ಬಣ್ಣ ಹೇಳುವ ಆ್ಯಪ್‌ಗಳು: ಕೋಲಾರದ ಒಂದು ಮ್ಯಾಚಿಂಗ್ ಸೆಂಟರ್‌ನಿಂದ ವಿಮರ್ಶೆ

ಮೊದಲು ಸ್ಟಾರ್ ಕೊಟ್ಟುಬಿಡುತ್ತೇನೆ. ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದವರು ಇಷ್ಟು ಓದಿ ಹೋಗಬಹುದು. ಫೋನಿನ ಕ್ಯಾಮೆರಾ ಹಿಡಿದರೆ ಬಣ್ಣದ ಹೆಸರು ಹೇಳುವ ಆ್ಯಪ್‌ಗಳಿಗೆ ಐದಕ್ಕೆ ಎರಡು. ಎರಡು ಬಟ್ಟೆ ಪಕ್ಕದಲ್ಲಿಟ್ಟರೆ ಎಷ್ಟು ವ್ಯತ್ಯಾಸ ಇದೆ ಎಂದು ಅಂಕಿ ತೋರಿಸುವ ಆ್ಯಪ್‌ಗೆ ನಾಲ್ಕು. ಅಂಗಡಿಗೆ ಹಾಕಿಸಿದ ಹೊಸ ಟ್ಯೂಬ್‌ಲೈಟಿಗೆ ನಾಲ್ಕೂವರೆ. ದಾರದ ಕಂಪನಿಯವರು ಕೊಡುವ ಶೇಡ್ ಕಾರ್ಡಿಗೆ ಐದಕ್ಕೆ ಐದು. ಫೋನಿಲ್ಲದ ಕಾಲದಿಂದಲೂ ನಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬಿದ್ದಿದ್ದ ವಸ್ತು ಅದು.

ಆ್ಯಪ್‌ಗಳ ಹೆಸರಾಗಲಿ ಟ್ಯೂಬಿನ ಕಂಪನಿಯಾಗಲಿ ಇಲ್ಲಿ ಬರೆದಿಲ್ಲ. ಕಣ್ಣಿನ ಕಾಯಿಲೆಯಿಂದ ಬಣ್ಣ ಗುರುತಿಸುವುದು ಕಷ್ಟವಾದ ಮೇಲೆ ಹಲವು ಆ್ಯಪ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ್ದೇನೆ. ಒಳಗೆ ನಡೆಯುವ ಲೆಕ್ಕ ಎಲ್ಲದರಲ್ಲೂ ಒಂದೇ, ಎಡವುವ ಜಾಗವೂ ಒಂದೇ. ಒಂದನ್ನು ಹೊಗಳಿ ಇನ್ನೊಂದನ್ನು ಬೈದು ಏನು ಉಪಯೋಗ?

ನನ್ನದು ಕೋಲಾರದಲ್ಲಿ ಮ್ಯಾಚಿಂಗ್ ಸೆಂಟರ್. ಡೂಂ ಲೈಟ್ ಸರ್ಕಲ್‌ನಿಂದ ನಡೆದು ಬರುವಷ್ಟು ದೂರ. ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ಲಂಗ, ದಾರ, ಹುಕ್ಕು, ಕುಚ್ಚು ಕಟ್ಟುವ ರೇಷ್ಮೆ ದಾರ, ಇಷ್ಟೇ ಸರಕು. ಗಿರಾಕಿಗಳು ಕವರಿನಿಂದ ಸೀರೆ ತೆಗೆದು ಟೇಬಲ್ ಮೇಲೆ ಹಾಕಿ "ಇದಕ್ಕೆ ಮ್ಯಾಚಿಂಗ್ ಕೊಡಿ" ಅನ್ನುತ್ತಾರೆ. ಇಲ್ಲವಾದರೆ "ದೀನಿಕಿ ಮ್ಯಾಚಿಂಗ್ ಇಯ್ಯಮ್ಮಾ" ಅನ್ನುತ್ತಾರೆ. ನಮ್ಮ ಕಡೆ ಅರ್ಧ ವ್ಯಾಪಾರ ತೆಲುಗಿನಲ್ಲೇ. ಹಸಿರು ಅಂದರೆ ಒಂದು ಹಸಿರಲ್ಲ. ಗಿಣಿ ಹಸಿರು, ಎಲೆ ಹಸಿರು, ಬಾಟಲ್ ಗ್ರೀನ್, ರಾಮಾ ಗ್ರೀನ್, ಪಿಸ್ತಾ, ಮೆಹೆಂದಿ. ಕೆಂಪಿನ ಸಾಲಿನಲ್ಲಿ ಕುಂಕುಮ, ಮರೂನ್, ಟೊಮ್ಯಾಟೊ ರೆಡ್, ರಾಣಿ ಪಿಂಕ್, ಈರುಳ್ಳಿ ಬಣ್ಣ. ಮದುವೆಯಾಗಿ ಈ ಅಂಗಡಿಗೆ ಬಂದಾಗಿನಿಂದ ಇವೆಲ್ಲ ನನಗೆ ಬಾಯಿಪಾಠ. ಸೀರೆ ಬಿಚ್ಚುವಷ್ಟರಲ್ಲಿ ಕೈ ಸರಿಯಾದ ಬಟ್ಟೆಯ ತಾನಿನ ಮೇಲಿರುತ್ತಿತ್ತು.

ಆಮೇಲೆ ಕಣ್ಣಿನ ನರ ಊದಿಕೊಂಡಿತು. ಆಪ್ಟಿಕ್ ನ್ಯೂರೈಟಿಸ್ ಅನ್ನುತ್ತಾರೆ. ಮೊದಲು ನೋವು ಬಂತು. ಕಣ್ಣು ಆಚೀಚೆ ಹೊರಳಿಸಿದರೆ ಹಿಂದೆಲ್ಲೋ ಸೆಳೆತ. ಎರಡು ಮೂರು ದಿನದಲ್ಲಿ ಬಲಗಣ್ಣಿನ ನಟ್ಟನಡುವೆ ಮಬ್ಬು ಕವಿಯಿತು. ವಾರ ಕಳೆಯುವುದರೊಳಗೆ ಎಡಗಣ್ಣಿಗೂ ಬಂತು. ಗಿರಾಕಿಯ ಮುಖ ನೋಡಿದರೆ ಮೂಗು ಬಾಯಿ ಕಾಣದು, ಕಿವಿಯ ಓಲೆ ಕಾಣುತ್ತಿತ್ತು. ಕನ್ನಡಕದ ಅಂಗಡಿಯವರೊಬ್ಬರು "ಫೋನ್ ಜಾಸ್ತಿ ನೋಡ್ತೀರಾ ಮೇಡಂ, ಕಣ್ಣು ಒಣಗಿದೆ" ಎಂದು ಡ್ರಾಪ್ಸ್ ಕೊಟ್ಟು, ಹೊಸ ನಂಬರಿನ ಗ್ಲಾಸೂ ಮಾಡಿಸಿಕೊಟ್ಟರು. ಅದು ಡಬ್ಬಿಯಲ್ಲಿ ಹಾಗೇ ಇದೆ. ಆ ಸೇವೆಗೆ ಸೊನ್ನೆ ಸ್ಟಾರ್.

ಕಣ್ಣಿನ ಡಾಕ್ಟರ ಕೈಯಲ್ಲಿ ಇದ್ದದ್ದು ಒಂದು ಪೆನ್ ಟಾರ್ಚು, ಒಂದು ಔಷಧಿ ಬಾಟಲಿಯ ಕೆಂಪು ಮುಚ್ಚಳ. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಬೀಸಿ ಬೀಸಿ ನೋಡಿದರು. ಬೆಳಕು ಬಿದ್ದರೆ ಪಾಪೆ ಚಿಕ್ಕದಾಗಬೇಕು. ನನ್ನ ಬಲಗಣ್ಣಿಗೆ ಬೆಳಕು ಬಂದಾಗ ಅದು ದೊಡ್ಡದಾಗುತ್ತಿತ್ತಂತೆ. ಬೆಳಕಿನ ಸುದ್ದಿಯನ್ನು ನರ ಮೆದುಳಿಗೆ ಸರಿಯಾಗಿ ಮುಟ್ಟಿಸುತ್ತಿಲ್ಲ ಎನ್ನುವುದಕ್ಕೆ ಅದು ಗುರುತು. ಎರಡೂ ಕಡೆಯ ನರ ಒಂದೇ ಸಮ ಕೆಟ್ಟಿದ್ದರೆ ಈ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನನಗೆ ಬಲಗಡೆ ಜಾಸ್ತಿ ಇದ್ದದ್ದರಿಂದ ಸಿಕ್ಕಿಬಿತ್ತು. ಆಮೇಲೆ ಕೆಂಪು ಮುಚ್ಚಳ ಹಿಡಿದು, ಒಂದೊಂದೇ ಕಣ್ಣು ಮುಚ್ಚಿಸಿ, ಎಷ್ಟು ಕೆಂಪು ಎಂದು ಕೇಳಿದರು. ಎಡಗಣ್ಣಿಗೆ ಮಾಸಿದ ಮರೂನ್, ಬಲಗಣ್ಣಿಗೆ ಕಾಫಿ ಬ್ರೌನ್ ಅಂದೆ. "ಶೇಡ್ ಹೆಸರು ಹಿಡಿದು ಹೇಳೋ ಪೇಷಂಟ್ ನೀವೇ ಮೊದಲು" ಎಂದು ನಕ್ಕರು. ನಗುತ್ತಲೇ ಬೆಂಗಳೂರಿಗೆ ಚೀಟಿ ಬರೆದರು. ನಾಳೆ ನಾಡಿದ್ದು ಬೇಡ, ಇವತ್ತೇ ಹೋಗಿ ಅಂದರು. ನನ್ನ ಲೆಕ್ಕದಲ್ಲಿ ಇಡೀ ಕತೆಯಲ್ಲಿ ಅತಿ ಒಳ್ಳೆಯ ಸೇವೆ ಇದು. ಒಂದು ಟಾರ್ಚು, ಒಂದು ಮುಚ್ಚಳ, ಹತ್ತು ನಿಮಿಷ.

ಬೆಂಗಳೂರಿನ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಎಂ.ಆರ್.ಐ. ಮಾಡಿದರು. ರಕ್ತದಲ್ಲಿ ಎರಡು ಪರೀಕ್ಷೆ, ಅಕ್ವಾಪೊರಿನ್-4 ಮತ್ತು ಮಾಗ್ (MOG) ಎಂಬ ಪ್ರೋಟೀನುಗಳ ಮೇಲೆ ದೇಹವೇ ತಿರುಗಿಬಿದ್ದಿದೆಯೇ ಎಂದು ನೋಡಲು. ನನಗೆ ಮಾಗ್ ಪಾಸಿಟಿವ್ ಬಂತು. ನರದ ಎಳೆಗಳಿಗೆ ಮಯಲಿನ್ ಎಂಬ ಹೊದಿಕೆ ಇರುತ್ತದೆ. ಅದರ ಮೇಲಿರುವ ಒಂದು ಪ್ರೋಟೀನನ್ನು ನಮ್ಮ ದೇಹವೇ ಶತ್ರು ಅಂದುಕೊಂಡು ಹೊಡೆಯುವ ಕಾಯಿಲೆ. ಎರಡೂ ಕಣ್ಣಿಗೆ ಒಟ್ಟೊಟ್ಟಿಗೆ ಬರುವುದು ಈ ಜಾತಿಯಲ್ಲಿ ಜಾಸ್ತಿಯಂತೆ. ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ದಿನಕ್ಕೆ 1 ಗ್ರಾಂ, ಡ್ರಿಪ್‌ನಲ್ಲಿ ಕೊಟ್ಟರು. ಆಮೇಲೆ ಮಾತ್ರೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರು. ಮುಖ ಊದಿತು, ನಿದ್ದೆ ಹಾರಿತು, ಶುಗರ್ ಏರಿತು, ಹಸಿವೋ ಹಸಿವು. ಆದರೂ ಮುಖದ ನಡುವಿನ ಮಬ್ಬು ಹೋಯಿತು.

ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಮಾತ್ರೆ ತಾವೇ ತಗೊಂಡು ನುಂಗುವವರು ನಮ್ಮ ಕಡೆ ಬಹಳ ಇದ್ದಾರೆ, ಅದಕ್ಕೇ ಒಂದು ಮಾತು. ಅಮೆರಿಕದಲ್ಲಿ 457 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1992ರಲ್ಲಿ ಬಂತು. ಸಾಮಾನ್ಯ ರೀತಿಯ ಆಪ್ಟಿಕ್ ನ್ಯೂರೈಟಿಸ್‌ನಲ್ಲಿ ಡ್ರಿಪ್ ಕೊಟ್ಟವರಿಗೆ ದೃಷ್ಟಿ ಬೇಗ ವಾಪಸ್ ಬಂತು. ಡ್ರಿಪ್ ಇಲ್ಲದೆ ಬರೀ ಮಾಮೂಲಿ ಪ್ರಮಾಣದ ಮಾತ್ರೆ ತಗೊಂಡವರಿಗೆ ಕಾಯಿಲೆ ಮರುಕಳಿಸಿದ್ದು ಜಾಸ್ತಿ. ಏನೂ ತಗೊಳ್ಳದವರಿಗಿಂತಲೂ ಜಾಸ್ತಿ! ಐವತ್ತು ದಾಟಿದವರಿಗೆ ಬೇರೆ ಎಚ್ಚರಿಕೆ. ಕಣತಲೆ ನೋವು, ಅಗಿಯುವಾಗ ದವಡೆ ನೋವು, ಜೊತೆಗೆ ದಿಢೀರ್ ಕಣ್ಣು ಮಂಜಾದರೆ ಅದು ರಕ್ತನಾಳದ ಊತ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಇನ್ನೊಂದು ಕಣ್ಣೂ ಹೋಗಬಹುದು.

ಈಗ ಚಾರ್ಟಿನ ವಿಷಯ. ಕೊನೆಯ ಸಲ ನೋಡಿದಾಗ ನನಗೆ ಬಲಗಣ್ಣು 6/9, ಎಡಗಣ್ಣು 6/6. "ನಾರ್ಮಲ್ ಆಗಿದೆಯಲ್ಲ, ಇನ್ನೇನು?" ಎಂದು ನಮ್ಮ ಮನೆಯವರು ಆಸ್ಪತ್ರೆ ಮೆಟ್ಟಿಲ ಮೇಲೇ ಪೇಡಾ ಕೊಡಿಸಿದರು. ಚಾರ್ಟ್ ಎಂದರೆ ಬಿಳಿ ಹಲಗೆ, ಮೇಲೆ ಅಚ್ಚ ಕಪ್ಪು ಅಕ್ಷರ. ಅಷ್ಟು ಗಾಢವಾಗಿದ್ದರೆ ನನಗೂ ಕಾಣುತ್ತದೆ. ಬೂದು ಬಣ್ಣದ ಲೈನಿಂಗ್ ಮೇಲೆ ಬೆಳ್ಳಿ ಬಣ್ಣದ ದಾರ ಬಿದ್ದಿದ್ದರೆ ಕಾಣುವುದಿಲ್ಲ. ಬಣ್ಣದ ಚುಕ್ಕಿಗಳ ಪುಸ್ತಕ ಇದೆಯಲ್ಲ, ಚುಕ್ಕಿಗಳ ನಡುವೆ ಅಂಕಿ ಹುಡುಕುವುದು, ಜಪಾನಿನ ಇಶಿಹರ ಎಂಬ ಡಾಕ್ಟರು 1917ರಲ್ಲಿ ತಂದದ್ದು. ಅದರ ಮೊದಲ ಪುಟದಲ್ಲಿ 12 ಇರುತ್ತದೆ. ಅದು ಎಲ್ಲರಿಗೂ ಕಾಣುವಂತೆ ಮಾಡಿರುವ ಪುಟ. ನಾನೂ ಅದನ್ನು ಜೋರಾಗಿ ಓದಿದೆ. ಮುಂದಿನ ಪುಟಗಳಲ್ಲಿ ಬಹಳಷ್ಟು ಬರೀ ಚುಕ್ಕಿಗಳಾಗಿಯೇ ಉಳಿದವು. ಒಂದೊಂದು ಕಣ್ಣಿನ ನರದಲ್ಲಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಎಳೆಗಳಿವೆ. ಒಂದಷ್ಟು ಸತ್ತರೂ ಅಕ್ಷರ ಓದಲು ಉಳಿದವು ಸಾಕಾಗಬಹುದು. ಬಣ್ಣಕ್ಕೆ ಸಾಲದು.

ನಮ್ಮ ಅತ್ತೆಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಅವರಿಗೆ ಪೊರೆ ಆಪರೇಷನ್ ಆಗಿದೆ. ಆದ ಮಾರನೇ ದಿನ "ನಮ್ಮ ಗೋಡೆ ಇಷ್ಟು ನೀಲಿ ಇತ್ತೇನೇ?" ಎಂದು ಕೇಳಿದ್ದರು. ಪೊರೆ ಹಳದಿಗಟ್ಟಿರುತ್ತದೆ, ತೆಗೆದರೆ ನೀಲಿ ವಾಪಸ್ ಬರುತ್ತದೆ. "ನೀನೂ ಒಂದು ಆಪರೇಷನ್ ಮಾಡಿಸ್ಕೋ" ಅನ್ನುತ್ತಿರುತ್ತಾರೆ. ನರಕ್ಕೆ ಆ ಆಪರೇಷನ್ ಇಲ್ಲ ಅತ್ತೆ ಎಂದು ನಾನೂ ಹೇಳುತ್ತಿರುತ್ತೇನೆ.

ಅಂಗಡಿಗೆ ವಾಪಸ್ ಬಂದ ಮೇಲೆ ಆ್ಯಪ್ ಹುಡುಕಿದ್ದು ಸಹಾಯಕ್ಕೆ ಇರುವ ಹುಡುಗಿ. "ಅಕ್ಕಾ, ಇದರಲ್ಲಿ ಹಿಡಿದ್ರೆ ಬಣ್ಣ ಹೇಳುತ್ತೆ" ಎಂದು ಖುಷಿಯಿಂದ ಹಾಕಿಕೊಟ್ಟಳು. ಪರದೆಯ ನಡುವೆ ಒಂದು ಸೊನ್ನೆ ಇರುತ್ತದೆ. ಅದನ್ನು ಬಟ್ಟೆಯ ಮೇಲೆ ಹಿಡಿಯಬೇಕು. ಆ ಜಾಗದಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಕ್ಯಾಮೆರಾ ಅಳೆಯುತ್ತದೆ. ಪ್ರತಿಯೊಂದಕ್ಕೂ 0ಯಿಂದ 255ರವರೆಗೆ ಅಂಕಿ. ಆ ಮೂರು ಅಂಕಿಗೆ ಹತ್ತಿರದ ಹೆಸರನ್ನು ಪಟ್ಟಿಯಿಂದ ಹುಡುಕಿ ಹೇಳುತ್ತದೆ. ಅಷ್ಟೇ ಕೆಲಸ.

ಆ ಪಟ್ಟಿ ಯಾರು ಮಾಡಿದ್ದು? ಬಹಳ ಆ್ಯಪ್‌ಗಳು ವೆಬ್‌ಸೈಟ್ ಮಾಡುವವರು ಬಳಸುವ ಹೆಸರುಗಳನ್ನೇ ತಗೊಂಡಿವೆ. ಅದರಲ್ಲಿ 'ಪಪಾಯ ವಿಪ್' ಎಂಬ ಬಣ್ಣ ಇದೆ. 'ಪೆರು' ಎಂಬ ದೇಶದ ಹೆಸರಿನ ಬಣ್ಣ ಇದೆ. 'ಸ್ಯಾಲ್ಮನ್' ಎಂಬ ಮೀನಿದೆ. 'ಟೊಮ್ಯಾಟೊ' ಕೂಡ ಇದೆ, ಅದರ ಅಂಕಿ 255, 99, 71. ಟೊಮ್ಯಾಟೊ ವಿಷಯದಲ್ಲಿ ಕೋಲಾರದವರಿಗೆ ಹೇಳಿಕೊಡಲು ಬರಬೇಡಿ! ನಮ್ಮ ಎಪಿಎಂಸಿಯಲ್ಲಿ ಬೆಳಗ್ಗೆ ಕ್ರೇಟು ಇಳಿಸುವಾಗ ನೋಡಿದರೆ ಒಂದೇ ಲೋಡಿನಲ್ಲಿ ಆರು ಬಣ್ಣ ಇರುತ್ತವೆ, ದೂರದ ಮಾರ್ಕೆಟ್ಟಿಗೆ ಹೋಗುವುದು ಇನ್ನೂ ಹಸಿರೇ. ಒಬ್ಬ ಗಿರಾಕಿಯ ರಾಣಿ ಪಿಂಕ್ ಸೀರೆಯನ್ನು ಅದು 'ಡೀಪ್ ಪಿಂಕ್' ಅಂದಿತು. ಪಕ್ಕದಲ್ಲಿದ್ದ ಮೆಜೆಂಟಾ ತಾನನ್ನೂ 'ಡೀಪ್ ಪಿಂಕ್' ಅಂದಿತು. ಹುಡುಗಿ ಎರಡನ್ನೂ ನೋಡಿ "ಅಕ್ಕಾ, ಬೇಡ" ಅಂದಳು. ಅವಳಿಲ್ಲದಿದ್ದರೆ ಆ ಬ್ಲೌಸು ಹೊಲಿದೇ ಹೋಗುತ್ತಿತ್ತು.

ಇನ್ನು ತೊಂದರೆಗಳು. ಸೊನ್ನೆಯನ್ನು ಜರಿಯ ಮೇಲೆ ಹಿಡಿದರೆ ಒಮ್ಮೆ ಬಿಳಿ ಅನ್ನುತ್ತದೆ, ಒಮ್ಮೆ ಕಂದು ಅನ್ನುತ್ತದೆ. ರೇಷ್ಮೆಯ ಮಡಿಕೆಯಲ್ಲಿ ನೆರಳು ಬಿದ್ದ ಕಡೆ ಬೇರೆ ಹೆಸರು, ಉಬ್ಬಿದ ಕಡೆ ಬೇರೆ ಹೆಸರು. ಫೋನು ಬುದ್ಧಿವಂತಿಕೆ ಮಾಡಿ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದುತ್ತದೆ. ಪರದೆ ತುಂಬ ಹಳದಿ ಬಟ್ಟೆ ಹಿಡಿದರೆ "ಓಹೋ, ಇಲ್ಲಿನ ಬಲ್ಬು ಹಳದಿ ಇರಬೇಕು" ಅಂದುಕೊಂಡು ಹಳದಿಯನ್ನು ಕಡಿಮೆ ಮಾಡಿಬಿಡುತ್ತದೆ. ಅರಿಶಿನದ ಬಣ್ಣ ಕೆನೆ ಬಣ್ಣವಾಗುತ್ತದೆ. ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟರೆ ಈ ತಪ್ಪು ಬಹಳ ಕಡಿಮೆಯಾಗುತ್ತದೆ. ಯಾವ ಆ್ಯಪ್ಪೂ ಇದನ್ನು ಹೇಳಲಿಲ್ಲ. ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ಫಾಲ್ಸ್ ತಗೊಳ್ಳಲು ಬಂದವನು ಹೇಳಿಕೊಟ್ಟ.

ಹಾಗಾದರೆ ಎರಡು ಸ್ಟಾರಾದರೂ ಏಕೆ? ಮನೆಯಲ್ಲಿ ಕೆಲಸಕ್ಕೆ ಬರುತ್ತದೆ. ಮಗನ ಯೂನಿಫಾರ್ಮಿನ ನೇವಿ ಬ್ಲೂ ಸಾಕ್ಸು ಯಾವುದು, ಕಪ್ಪು ಯಾವುದು ಎಂದು ಹೇಳುತ್ತದೆ. ಪೂರ್ತಿ ಕಣ್ಣು ಕಾಣದವರಿಗೆ 'ಇದು ಕೆಂಪು, ಇದು ಹಸಿರು' ಎಂದು ಗೊತ್ತಾದರೂ ದೊಡ್ಡ ಸಹಾಯ. ಅವರ ಕಡೆಯಿಂದ ನೋಡಿದರೆ ಮೂರೂವರೆ ಕೊಡಬಹುದೋ ಏನೋ. ನನ್ನ ಟೇಬಲ್ಲಿನಲ್ಲಿ ಯಾರೂ "ಇದು ಯಾವ ಬಣ್ಣ?" ಎಂದು ಕೇಳುವುದಿಲ್ಲ. ಅದು ಅವರಿಗೇ ಗೊತ್ತು, ದುಡ್ಡು ಕೊಟ್ಟು ಸೀರೆ ತಂದಿರುತ್ತಾರೆ. "ಇದಕ್ಕೆ ಅದು ಹೊಂದುತ್ತಾ?" ಎಂದು ಕೇಳುತ್ತಾರೆ. ಹೆಸರು ಹೇಳುವ ಆ್ಯಪ್‌ಗೆ ಆ ಪ್ರಶ್ನೆಯೇ ಗೊತ್ತಿಲ್ಲ.

ಕೈಯಲ್ಲಿ ಹಿಡಿಯುವ, ಮಾತಾಡುವ ಯಂತ್ರವೂ ಇದೆ. ಬೆಂಗಳೂರಿನಲ್ಲಿ ಅಂಧರಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ಮುಟ್ಟಿ ನೋಡಿದೆ. ಬಟ್ಟೆಗೆ ಒತ್ತಿ ಹಿಡಿದರೆ ತನ್ನದೇ ಬೆಳಕು ಬಿಟ್ಟು ಅಳೆಯುತ್ತದೆ. ಹೊರಗಿನ ಬಲ್ಬು, ಬಿಸಿಲು, ಮಡಿಕೆ ಯಾವುದರ ಗೊಡವೆಯೂ ಇಲ್ಲ. ಫೋನಿಗಿಂತ ನಂಬಿಕೆ. ಆದರೆ ಹೊರದೇಶದ ಮಾಲು, ಬೆಲೆ ಕೇಳಿ ಟೇಬಲ್ ಮೇಲೆ ಮೆಲ್ಲಗೆ ವಾಪಸ್ ಇಟ್ಟೆ. ಅದೂ ಕೊನೆಗೆ ಹೆಸರೇ ಹೇಳುವುದು.

ಟ್ಯೂಬ್‌ಲೈಟಿನ ಕತೆ ಸ್ವಲ್ಪ ಉದ್ದ, ಯಾಕೆಂದರೆ ಅದರಿಂದ ನನಗೆ ನಿಜವಾಗಿ ಲಾಭವಾಯಿತು. ಈ ವ್ಯಾಪಾರದಲ್ಲಿ ಇರುವ ಎಲ್ಲರಿಗೂ ಒಂದು ವಿಷಯ ಗೊತ್ತು. ಅಂಗಡಿಯೊಳಗೆ ಕರೆಕ್ಟಾಗಿ ಹೊಂದಿದ ಎರಡು ಬಟ್ಟೆ ಬೀದಿಗೆ ತಂದರೆ ಬೇರೆಬೇರೆಯಾಗಿ ಕಾಣುತ್ತವೆ. ಅದಕ್ಕೇ ಹೆಂಗಸರು ಸೀರೆ ಎತ್ತಿಕೊಂಡು ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡುವುದು. ಅಗ್ಗದ ಎಲ್.ಇ.ಡಿ.ಯಲ್ಲಿ ಬಿಸಿಲಿನಲ್ಲಿರುವ ಎಲ್ಲ ಬಣ್ಣವೂ ಸಮನಾಗಿ ಇರುವುದಿಲ್ಲ. ಒಳ್ಳೆಯ ಟ್ಯೂಬಿನ ಡಬ್ಬಿಯ ಮೇಲೆ ಸಿ.ಆರ್.ಐ. ಎಂದು ಒಂದು ಅಂಕಿ ಇರುತ್ತದೆ. ಹಗಲಿನಂಥ ಬಿಳಿ ಟ್ಯೂಬಿನಲ್ಲಿ 100 ಎಂದರೆ ಬಣ್ಣಗಳು ಹಗಲು ಬೆಳಕಿನಲ್ಲಿ ಇದ್ದ ಹಾಗೇ ಕಾಣುತ್ತವೆ. ಮಾಮೂಲಿ ಬಲ್ಬುಗಳಲ್ಲಿ ಅದು 80ರ ಆಸುಪಾಸು. 90 ದಾಟಿದ್ದನ್ನು ಕೇಳಿ ತಗೊಳ್ಳಿ. ಇನ್ನೊಂದು ಗುಟ್ಟು ಇದೆ. ಆ ಅಂಕಿಯನ್ನು ಎಂಟು ತೆಳು ಬಣ್ಣಗಳ ಮೇಲೆ ಲೆಕ್ಕ ಹಾಕುತ್ತಾರೆ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದಕ್ಕೆ ಆರ್9 ಎಂಬ ಬೇರೆ ಅಂಕಿ. ನಮ್ಮಂಥ ಅಂಗಡಿಗೆ ಕೆಂಪೇ ಲಕ್ಷ್ಮಿ ಅಲ್ವಾ? ಆರ್9 ಅಂದಾಗ ಮೊದಲ ಅಂಗಡಿಯವರು ನನ್ನ ಮುಖ ನೋಡಿದರು. ಕಡೆಗೆ ಎಲೆಕ್ಟ್ರಿಷಿಯನ್ ಅಣ್ಣ ಬೆಂಗಳೂರಿನಿಂದ ತರಿಸಿಕೊಟ್ಟರು. 6500 ಕೆಲ್ವಿನ್, ಅಂದರೆ ಹಗಲಿನ ಬಿಳಿ. ಹಳೆಯ ಟ್ಯೂಬಿನ ಮೂರರಷ್ಟು ಬೆಲೆ.

ಹಾಕಿದ ದಿನ ನನಗೆ ಮರೂನ್ ಮತ್ತು ಕಾಫಿ ಬ್ರೌನ್ ನಡುವೆ ಏನೋ ಒಂದು ಗೆರೆ ಕಾಣಿಸಿತು. ಹಿಂದೆ ಇದ್ದಷ್ಟು ಅಲ್ಲ, ಆದರೂ ಇದೆ. ನರ ಕಳಿಸುವ ಸುದ್ದಿ ಕಡಿಮೆಯಾಗಿರುವಾಗ ಬೆಳಕಾದರೂ ಸರಿಯಿದ್ದರೆ ಉಳಿದದ್ದು ಸಿಗುತ್ತದೆ. ಡಾಕ್ಟರು ಬರೆದುಕೊಡದ ಔಷಧಿ ಅಂದರೆ ನನ್ನ ಪಾಲಿಗೆ ಇದೇ. ಅರ್ಧ ಸ್ಟಾರ್ ಕಡಿದದ್ದು ಬೇಸಿಗೆಗೆ. ಅದು ಟ್ಯೂಬಿನ ತಪ್ಪಲ್ಲ ನಿಜ. ನಮ್ಮದು ಪಡುವಣ ಬಾಗಿಲಿನ ಅಂಗಡಿ. ಏಪ್ರಿಲ್ ಮಧ್ಯಾಹ್ನ ಮೈ ಕಾದರೆ ನನಗೆ ಇರುವ ಬಣ್ಣವೂ ಕರಗುತ್ತದೆ. ಮೈಯ ಬಿಸಿ ಏರಿದರೆ ಪೆಟ್ಟು ತಿಂದ ನರ ಇನ್ನೂ ನಿಧಾನವಾಗುತ್ತದೆ, ತಂಪಾದರೆ ಸರಿಹೋಗುತ್ತದೆ. ಉಟ್ಹಾಫ್ ಎಂಬ ಜರ್ಮನ್ ಡಾಕ್ಟರು 1890ರಲ್ಲೇ ಇದನ್ನು ಬರೆದಿಟ್ಟಿದ್ದಾರಂತೆ. ಕಾಯಿಲೆ ಮತ್ತೆ ಬಂತೇನೋ ಎಂದು ಮೊದಲ ಬೇಸಿಗೆಯಲ್ಲಿ ಹೆದರಿ ಅತ್ತಿದ್ದೆ. ಈಗ ಫ್ಯಾನಿನ ಕೆಳಗೆ ಕೂತು ಮಜ್ಜಿಗೆ ಕುಡಿದು ಕಾಯುತ್ತೇನೆ. ಅರ್ಧ ಗಂಟೆಯಲ್ಲಿ ವಾಪಸ್. ತಂಪಾದ ಮೇಲೂ ಬಾರದಿದ್ದರೆ, ದಿನವಿಡೀ ಹಾಗೇ ಇದ್ದರೆ ಮಾತ್ರ ಫೋನ್ ಮಾಡಿ ಎಂದಿದ್ದಾರೆ ಡಾಕ್ಟರು.

ಹೋಲಿಸುವ ಆ್ಯಪ್ ಸಿಕ್ಕಿದ್ದು ಆಮೇಲೆ. ಇದು ಪೇಂಟಿನವರಿಗೆ, ಪ್ರಿಂಟಿಂಗ್ ಪ್ರೆಸ್‌ನವರಿಗೆ ಮಾಡಿದ್ದು. ಕಣ್ಣಿನ ತೊಂದರೆ ಇರುವವರ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಸೀರೆಯ ಅಂಚು, ಬ್ಲೌಸ್ ಪೀಸು ಎರಡನ್ನೂ ಪಕ್ಕಪಕ್ಕ ಒಂದೇ ಫೋಟೋದಲ್ಲಿ ಬರುವಂತೆ ಇಡಬೇಕು. ಒಂದನ್ನು ಮುಟ್ಟಿ, ಇನ್ನೊಂದನ್ನು ಮುಟ್ಟಬೇಕು. ವ್ಯತ್ಯಾಸದ ಅಂಕಿ ಬರುತ್ತದೆ. ಇಂಥ ಲೆಕ್ಕಕ್ಕೆ ಬುನಾದಿ ಬಣ್ಣ ಮತ್ತು ಬೆಳಕಿನ ಅಂತರರಾಷ್ಟ್ರೀಯ ಆಯೋಗ 1976ರಲ್ಲಿ ಒಪ್ಪಿದ ಪದ್ಧತಿ. ಅಂಕಿ 1ರ ಆಸುಪಾಸು ಇದ್ದರೆ ಒಳ್ಳೆಯ ಕಣ್ಣಿಗೂ ಕಷ್ಟದಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ. ನಾನು 3ರ ಒಳಗೆ ಇದ್ದರೆ ಕತ್ತರಿ ಹಾಕುತ್ತೇನೆ. 5 ಬಂದರೆ ಹುಡುಗಿಯನ್ನು ಕರೆಯುತ್ತೇನೆ. 10 ದಾಟಿದರೆ "ಇದಕ್ಕೆ ಕಾಂಟ್ರಾಸ್ಟ್ ಹಾಕಿಸ್ರಿ, ಈಗ ಅದೇ ಫ್ಯಾಷನ್" ಅನ್ನುತ್ತೇನೆ. ಸುಳ್ಳೇನಲ್ಲ, ಈಗ ಅದೇ ಫ್ಯಾಷನ್.

ಇದೂ ಅದೇ ಫೋನು, ಅದೇ ಕ್ಯಾಮೆರಾ. ಹೆಸರು ಹೇಳುವಾಗ ತಪ್ಪಾದದ್ದು ಇಲ್ಲಿ ಹೇಗೆ ಸರಿಯಾಯಿತು? ಕ್ಯಾಮೆರಾ ಎರಡು ಬಟ್ಟೆಯನ್ನೂ ಒಂದೇ ಬೆಳಕಿನಲ್ಲಿ, ಒಂದೇ ತಪ್ಪಿನ ಜೊತೆ ನೋಡುತ್ತದೆ. ಎರಡನ್ನೂ ಒಂದೇ ಕಡೆಗೆ ವಾಲಿಸುತ್ತದೆ. ವ್ಯತ್ಯಾಸ ತೆಗೆದಾಗ ತಪ್ಪು ಬಹುಮಟ್ಟಿಗೆ ವಜಾ ಆಗುತ್ತದೆ. ಬೇರೆಬೇರೆ ಫೋಟೋ ತೆಗೆದು ಹೋಲಿಸಿದರೆ ಮಾತ್ರ ಕೆಟ್ಟಿತು. ಒಂದು ಸ್ಟಾರ್ ಕಡಿದದ್ದು ಅಂಕಿಯ ಅಕ್ಷರಕ್ಕೆ. ತಿಳಿ ಬೂದು ಪರದೆಯ ಮೇಲೆ ಬಿಳಿ ಅಂಕಿ, ಅದೂ ಇರುವೆ ಗಾತ್ರ. ದೊಡ್ಡದು ಮಾಡಲು ಸೆಟ್ಟಿಂಗ್ ಇಲ್ಲ. ಓದಿ ಹೇಳುವುದೂ ಇಲ್ಲ. ನನ್ನಂಥವರು ಬಳಸುತ್ತಾರೆ ಎಂದು ಮಾಡಿದವರಿಗೆ ಹೊಳೆದೇ ಇಲ್ಲ. ಹೊಳೆದು ಮಾಡಿದ ಆ್ಯಪ್‌ಗಳು ಹೆಸರು ಹೇಳುತ್ತ ಕೂತಿವೆ.

ಈಗ ಶೇಡ್ ಕಾರ್ಡ್. ದಾರದ ಕಂಪನಿಯ ಏಜೆಂಟ್ ತಂದುಕೊಡುವ ಮಡಿಸುವ ಪುಸ್ತಕ. ಒಳಗೆ ನಿಜವಾದ ದಾರವನ್ನೇ ಸಾಲಾಗಿ ಅಂಟಿಸಿರುತ್ತಾರೆ, ಪ್ರತಿ ಶೇಡಿನ ಕೆಳಗೆ ಒಂದು ನಂಬರ್. ಟೈಲರುಗಳು ಬಣ್ಣದ ಹೆಸರು ಹೇಳುವುದೇ ಇಲ್ಲ, "ಅಕ್ಕಾ, ಆ ನಂಬರ್ ಎರಡು ರೀಲ್" ಎಂದು ನಂಬರ್ ಹೇಳಿ ಫೋನ್ ಇಡುತ್ತಾರೆ. ಕಣ್ಣು ಚೆನ್ನಾಗಿದ್ದಾಗ ನಾನು ಆ ಪುಸ್ತಕ ತೆರೆದದ್ದೇ ಕಡಿಮೆ. ಈಗ ಅಂಗಡಿಯ ಪ್ರತಿ ತಾನಿಗೂ ಅದರ ಹತ್ತಿರದ ನಂಬರನ್ನು ಚೀಟಿ ಬರೆದು ಪಿನ್ ಮಾಡಿದ್ದೇವೆ. ಬಿಳಿ ಚೀಟಿ, ದಪ್ಪ ಕಪ್ಪು ಮಾರ್ಕರ್. ಆಸ್ಪತ್ರೆಯ ಚಾರ್ಟಿನ ಹಾಗೆ, ಅದು ನನಗೆ ಕಾಣುತ್ತದೆ. ಹೊಸ ಮಾಲು ಬಂದ ದಿನ ಹುಡುಗಿ ಕೂತು ನಂಬರ್ ಹಾಕುತ್ತಾಳೆ, ಬಾಗಿಲ ಹತ್ತಿರ, ಬೆಳಗ್ಗೆ ಹೊತ್ತು.

ಗಿರಾಕಿ ಬಂದರೆ ಸೀರೆಯ ಮೇಲೆ ಕಾರ್ಡ್ ಬಿಚ್ಚಿ ಇಡುತ್ತೇನೆ. "ನೀವೇ ನೋಡಿ ಅಮ್ಮ, ಯಾವ ದಾರ ಸೀರೆಯಲ್ಲಿ ಸೇರಿ ಹೋಗುತ್ತೆ?" ಎಂದು ಕೇಳುತ್ತೇನೆ. ಅವರು ಬೆರಳು ಇಡುತ್ತಾರೆ. ನಾನು ನಂಬರ್ ಓದಿ ತಾನು ಇಳಿಸುತ್ತೇನೆ. ಆ್ಯಪ್‌ನಲ್ಲಿ ಒಮ್ಮೆ ಪರೀಕ್ಷೆ ಮಾಡಿ ಕತ್ತರಿಸುತ್ತೇನೆ. ಬಹಳ ಜನರಿಗೆ ಇದು ಇಷ್ಟವಾಗಿದೆ. ತಾವೇ ಆರಿಸಿದ ಮೇಲೆ ವಾಪಸ್ ತರುವುದೂ ಕಡಿಮೆ. ಕೆಲವರು ಸಿಡುಕುತ್ತಾರೆ. "ನಿಮ್ಮ ಕಣ್ಣಿಗೆ ಗೊತ್ತಾಗೋದು ನಮಗೆ ಗೊತ್ತಾಗುತ್ತಾ, ನೀವೇ ಕೊಡಿ" ಎಂದು ಹಳೆಯ ನಂಬಿಕೆಯಲ್ಲಿ ಹೇಳುವವರೂ ಇದ್ದಾರೆ. ಅವರಿಗೆ ಕಣ್ಣಿನ ಕತೆ ಹೇಳಲು ಹೋಗುವುದಿಲ್ಲ. ಹೇಳಿದರೆ ಗಿಡಮೂಲಿಕೆ, ಹರಕೆ, ಯಾರದೋ ಚಿಕ್ಕಮ್ಮನ ಕತೆ ಶುರುವಾಗುತ್ತದೆ, ಹಿಂದೆ ನಿಂತ ಗಿರಾಕಿ ಎದ್ದು ಹೋಗುತ್ತಾರೆ. ಮುಳಬಾಗಿಲಿನಿಂದ ಬರುವ ಒಬ್ಬರು ಟೀಚರ್ ಮಾತ್ರ ಒಂದು ದಿನ ಕಾರ್ಡ್ ನೋಡಿ, ನನ್ನನ್ನು ನೋಡಿ, ಏನೂ ಕೇಳದೆ ನಂಬರನ್ನು ಜೋರಾಗಿ ಓದಿದರು. ಈಗ ಪ್ರತಿ ಸಲವೂ ಅವರೇ ಓದುತ್ತಾರೆ.

ಕಾರ್ಡಿನ ಕೊರತೆ ಇಲ್ಲವೆಂದಲ್ಲ. ಬಿಸಿಲಿಗೆ ಇಟ್ಟರೆ ದಾರ ಬಣ್ಣ ಬಿಡುತ್ತದೆ, ವರ್ಷ ಎರಡು ವರ್ಷಕ್ಕೊಮ್ಮೆ ಹೊಸದು ಕೇಳಿ ತಗೊಳ್ಳಿ. ಏಜೆಂಟ್ ಪುಕ್ಕಟೆ ಕೊಡುತ್ತಾನೆ, ಕೊಡದಿದ್ದರೆ ಮುಂದಿನ ಆರ್ಡರ್ ತಡೆಯಿರಿ, ಕೊಡುತ್ತಾನೆ. ಕಂಪನಿಯಿಂದ ಕಂಪನಿಗೆ ನಂಬರ್ ಬೇರೆ. ಹಾಗಾಗಿ ಒಂದೇ ಕಂಪನಿಯ ಕಾರ್ಡಿಗೆ ಅಂಟಿಕೊಳ್ಳಬೇಕು.

ಡಬಲ್ ಶೇಡ್ ರೇಷ್ಮೆಗೆ ಮಾತ್ರ ಇವುಗಳಲ್ಲಿ ಯಾವುದೂ ಆಗಿ ಬರುವುದಿಲ್ಲ. ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನ ಎಳೆ ಇನ್ನೊಂದು, ಅಲುಗಾಡಿಸಿದರೆ ನವಿಲು ನೀಲಿ, ನಿಲ್ಲಿಸಿದರೆ ಹಸಿರು. ಆ್ಯಪ್ ಒಂದು ಸಲ 2 ಅನ್ನುತ್ತದೆ, ಕೈ ಸ್ವಲ್ಪ ಸರಿದರೆ 14 ಅನ್ನುತ್ತದೆ. ಅಂಥ ಸೀರೆ ತರುವವರಿಗೆ ಬೆಳಗ್ಗೆ ಹನ್ನೊಂದರೊಳಗೆ ಬನ್ನಿ ಅನ್ನುತ್ತೇನೆ, ಆಗ ಹುಡುಗಿಯೂ ಇರುತ್ತಾಳೆ, ಬಾಗಿಲಲ್ಲಿ ನೇರ ಬಿಸಿಲಿಲ್ಲದ ಒಳ್ಳೆಯ ಬೆಳಕೂ ಇರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಬರಬೇಡಿ, ಆಗ ಅವಳಿಗೂ ಪುರುಸೊತ್ತಿರುವುದಿಲ್ಲ.